ಸ್ಟಾಕ್ ಫೋಟೋದಲ್ಲಿ ನಮ್ಮ ಮಿಡಿ ಉಪ್ಪಿನಕಾಯಿ ಬಾಟಲಿ ಕೂರಿಸುವುದು ಹೇಗೆ

ಸ್ಟಾಕ್ ಸೈಟ್‌ಗಳಲ್ಲಿ, ಅಂದರೆ ಬೇರೆಯವರು ತೆಗೆದ ಫೋಟೋಗಳನ್ನು ಎಲ್ಲರ ಬಳಕೆಗೆ ಇಟ್ಟಿರುವ ಜಾಲತಾಣಗಳಲ್ಲಿ, ಮಾವಿನ ಉಪ್ಪಿನಕಾಯಿ ಅಂತ ಹುಡುಕಿದರೆ ಹೆಚ್ಚಾಗಿ ಸಿಗುವುದು ಎಣ್ಣೆಯಲ್ಲಿ ತೇಲುವ ಹೋಳುಗಳು. ಸಾಗರ, ಹೊಸನಗರದ ಕಡೆಯ ಅಪ್ಪೆಮಿಡಿ ಹಾಗಿರುವುದಿಲ್ಲ. ಇಡೀ ಮಿಡಿ, ಉಪ್ಪಲ್ಲಿ ಸುಕ್ಕುಗಟ್ಟಿ ಖಾರದಲ್ಲಿ ಮುಳುಗಿರುತ್ತದೆ. ಜೇನಿನದ್ದೂ ಅದೇ ಕಥೆ: ಫೋಟೋದಲ್ಲಿ ಬಂಗಾರದ ಬಣ್ಣ, ಪಕ್ಕದಲ್ಲಿ ಮರದ ಸೌಟು, ಹಿಂದೆ ನಮ್ಮೂರಲ್ಲಿ ಯಾರೂ ನೋಡಿರದ ನೇರಳೆ ಹೂವಿನ ಹೊಲ. ಆದ್ದರಿಂದ ಮಾರುವ ವಸ್ತುವಿನ ಫೋಟೋ ನೀವೇ ತೆಗೆಯಿರಿ. ಸ್ಟಾಕ್‌ನಿಂದ ಹಿನ್ನೆಲೆ ಮಾತ್ರ ತನ್ನಿ.

ಗೂಗಲ್‌ನಲ್ಲಿ ಕಂಡದ್ದನ್ನೆಲ್ಲ ಎತ್ತಿಕೊಳ್ಳಬೇಡಿ. ಪೆಕ್ಸೆಲ್ಸ್, ಅನ್‌ಸ್ಪ್ಲಾಶ್, ಪಿಕ್ಸಾಬೇಯಲ್ಲಿ ವ್ಯಾಪಾರಕ್ಕೂ ಉಚಿತವಾಗಿ ಬಳಸಬಹುದಾದ ಚಿತ್ರಗಳಿವೆ, ಆದರೂ ಆಯಾ ಚಿತ್ರದ ಲೈಸೆನ್ಸ್ ಓದಿ. 'ಎಡಿಟೋರಿಯಲ್' (ಸುದ್ದಿ, ಲೇಖನಕ್ಕೆ ಮಾತ್ರ) ಅಂತ ಇದ್ದರೆ ಜಾಹೀರಾತಿಗೆ ಬರುವುದಿಲ್ಲ. ಮುಖ ಕಾಣುವ ಫೋಟೋ ಬೇಡವೇ ಬೇಡ, ಯಾರೋ ಹೆಂಗಸು ನಿಮ್ಮ ಉಪ್ಪಿನಕಾಯಿ ಚೆನ್ನಾಗಿದೆ ಅಂದ ಹಾಗೆ ತೋರಿಸುವುದಕ್ಕೆ ಪೆಕ್ಸೆಲ್ಸ್ ನಿಯಮದಲ್ಲೂ ಅವಕಾಶ ಇಲ್ಲ.

ಹಿನ್ನೆಲೆ ಆರಿಸುವಾಗ ಬಣ್ಣಕ್ಕಿಂತ ಮೊದಲು ಎರಡು ವಿಷಯ ನೋಡಿ: ಬೆಳಕು ಯಾವ ಕಡೆಯಿಂದ ಬರುತ್ತಿದೆ, ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು. ಮೇಜಿನ ಮೇಲ್ಮೈ ಅಗಲವಾಗಿ ಕಂಡರೆ ಕ್ಯಾಮೆರಾ ಮೇಲಿತ್ತು ಅಂತ ಅರ್ಥ. ಹಾಗಿದ್ದರೆ ನಿಮ್ಮ ಬಾಟಲಿಯ ಮುಚ್ಚಳದ ಮೇಲ್ಭಾಗವೂ ಅಷ್ಟೇ ಕಾಣಬೇಕು. ಇಲ್ಲದಿದ್ದರೆ ಬಾಟಲಿ ಹಿಂದಕ್ಕೆ ವಾಲಿದ ಹಾಗೆ ಇರುತ್ತದೆ, ಯಾವ ಸಾಫ್ಟ್‌ವೇರ್‌ನಿಂದಲೂ ಸರಿಹೋಗುವುದಿಲ್ಲ.

ಮಳೆಗಾಲದ ಮೋಡದ ಬೆಳಕು ಜಗಲಿಯಲ್ಲಿ ಎಲ್ಲ ಕಡೆಯಿಂದ ಬರುತ್ತದೆ, ನೆರಳು ತೆಳು. ಅಲ್ಲಿ ತೆಗೆದ ಬಾಟಲಿಯನ್ನು ಸುಡುಬಿಸಿಲಿನ ಫೋಟೋದಲ್ಲಿ ಇಟ್ಟರೆ ಅಂಟಿಸಿದ್ದು ಅಂತ ಮಕ್ಕಳಿಗೂ ಗೊತ್ತಾಗುತ್ತದೆ, ಅಲ್ವಾ? ಮೋಡದ ಹಿನ್ನೆಲೆಯನ್ನೇ ಹುಡುಕಿ, ಅಥವಾ ಒಂದೇ ಕಿಟಕಿಯ ಪಕ್ಕ ಬಾಟಲಿ ಇಟ್ಟು ತೆಗೆಯಿರಿ. ಹಿಂದೆ ಬಿಳಿ ಡ್ರಾಯಿಂಗ್ ಶೀಟ್ ಸಾಕು.

ಫೋಟೋಶಾಪ್ ಇಲ್ಲದಿದ್ದರೆ ಗಿಂಪ್ ಉಚಿತ, ಬ್ರೌಸರ್‌ನಲ್ಲೇ ಆಗಬೇಕೆಂದರೆ ಫೋಟೋಪಿಯಾ. ಬಾಟಲಿಯ ಅಂಚನ್ನು ಪೆನ್ ಟೂಲ್‌ನಲ್ಲಿ ಸುತ್ತಿ, ಬಾಟಲಿಯ ಲೇಯರ್‌ಗೆ (ಚಿತ್ರದ ಪದರಕ್ಕೆ) ಮಾಸ್ಕ್ ಹಾಕಿ, ಅದು ಬೇಡದ ಭಾಗವನ್ನು ಅಳಿಸದೆ ಮರೆಮಾಡುತ್ತದೆ. ಎರೇಸರ್ ಮುಟ್ಟಬೇಡಿ, ಮಾಸ್ಕ್ ಆದರೆ ತಪ್ಪಿದ್ದು ವಾಪಸ್ ಬರುತ್ತದೆ. ಗಾಜಿನದ್ದೇ ತಲೆನೋವು. ಉಪ್ಪಿನಕಾಯಿಯ ಮೇಲೆ, ಕುತ್ತಿಗೆಯ ಖಾಲಿ ಜಾಗದಲ್ಲಿ ಬಿಳಿ ಶೀಟ್ ಕಾಣುತ್ತಲೇ ಇರುತ್ತದೆ. ಆ ಭಾಗವನ್ನು ಮಾತ್ರ ಬೇರೆ ಲೇಯರ್‌ಗೆ ಕಾಪಿ ಮಾಡಿ, ಕೆಳಗಿನ ಲೇಯರ್‌ನಲ್ಲಿ ಅದನ್ನು ಮಾಸ್ಕ್‌ನಿಂದ ಮರೆಮಾಡಿ, ಕಾಪಿಯನ್ನು ಮಲ್ಟಿಪ್ಲೈ ಮೋಡ್‌ಗೆ ಹಾಕಿ. ಬಿಳಿ ಮಾಯವಾಗಿ ಹಿಂದಿನ ದೃಶ್ಯ ಗಾಜಿನೊಳಗಿಂದ ಕಾಣುತ್ತದೆ.

ಇನ್ನು ನೆರಳು. ಜಾಸ್ತಿ ಹೊತ್ತು ಇಲ್ಲೇ ಕಳೆಯಿರಿ. ಒಂದು ನೆರಳು ಸಾಲದು, ಎರಡು ಬೇಕು. ಬಾಟಲಿ ಮೇಜನ್ನು ಮುಟ್ಟುವ ಕಡೆ ತೆಳ್ಳಗಿನ, ಗಾಢವಾದ ಗೆರೆ. ಅದಿಲ್ಲದಿದ್ದರೆ ಬಾಟಲಿ ಗಾಳಿಯಲ್ಲಿ ತೇಲುತ್ತದೆ. ಇನ್ನೊಂದು ಬೆಳಕಿಗೆ ವಿರುದ್ಧ ದಿಕ್ಕಿಗೆ ಚಾಚಿದ ಅಗಲ ನೆರಳು, ಬಾಟಲಿಯಿಂದ ದೂರ ಹೋದಂತೆ ಮಸುಕಾಗಬೇಕು. ನೆರಳಿಗೆ ಅಚ್ಚ ಕಪ್ಪು ಬೇಡ, ಅದೇ ಫೋಟೋದಲ್ಲಿರುವ ಬೇರೆ ನೆರಳಿನ ಬಣ್ಣವನ್ನು ಐಡ್ರಾಪರ್‌ನಿಂದ ಎತ್ತಿಕೊಳ್ಳಿ.

ಹಿನ್ನೆಲೆ ಹಳದಿ ಬೆಳಕಿನದ್ದಾಗಿದ್ದರೆ ಬಾಟಲಿಗೂ ಕರ್ವ್ಸ್ ಅನ್ನುವ ಬಣ್ಣ ಹೊಂದಿಸುವ ಸಾಧನದಿಂದ ಅದೇ ಛಾಯೆ ಸ್ವಲ್ಪ ತನ್ನಿ. ಆದರೆ ವಸ್ತುವಿನ ಬಣ್ಣ ಕಣ್ಣೆದುರು ಇರುವಷ್ಟೇ ಇರಲಿ. ಕಪ್ಪಗಿರುವ ಜೋನಿ ಬೆಲ್ಲವನ್ನು ಚಿನ್ನದ ಬಣ್ಣಕ್ಕೆ ತಿರುಗಿಸಿ ಮಾರಿದರೆ ಗಿರಾಕಿ ಮತ್ತೆ ಬರುವುದಿಲ್ಲ, ಅದೂ ಅಲ್ಲದೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ಇದೆ.

ಹಿನ್ನೆಲೆಯಲ್ಲಿ ಪೈನ್ ಮರ, ಬೇರೆ ಕಂಪನಿಯ ಲೋಗೋ ಇದ್ದರೆ ಹೀಲಿಂಗ್ ಬ್ರಶ್, ಕ್ಲೋನ್ ಸ್ಟಾಂಪ್‌ನಿಂದ ತೆಗೆಯಿರಿ. ತೆಗೆದ ಜಾಗಕ್ಕೆ ನಿಮ್ಮ ತೋಟದ್ದೇ ಅಡಿಕೆ ಗರಿಯನ್ನು ಮಸುಕು ಮಾಡಿ ಸೇರಿಸಬಹುದು. ಬಾಟಲಿ ಜಾಸ್ತಿ ಶಾರ್ಪ್ ಕಂಡರೆ ಸ್ವಲ್ಪ ನಾಯ್ಸ್ (ಸಣ್ಣ ಚುಕ್ಕೆಗಳ ಒರಟುತನ) ಸೇರಿಸಿ. ಕೊನೆಗೆ ಚಿತ್ರವನ್ನು ಎಡಬಲ ತಿರುಗಿಸಿ ನೋಡಿ, ನೋಡಿ ನೋಡಿ ಅಭ್ಯಾಸವಾದ ಕಣ್ಣಿಗೂ ತಪ್ಪು ತಟ್ಟನೆ ಸಿಗುತ್ತದೆ.

ಫೋಟೋಶಾಪ್‌ನಲ್ಲಿ ಕನ್ನಡ ಬರೆದಾಗ ಒತ್ತಕ್ಷರ ಒಡೆದರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್ ರೆಡಿ ಲೇಔಟ್ ಆರಿಸಿ. ಲೇಬಲ್ ಮುದ್ರಣಕ್ಕಾದರೆ ಇಂಚಿಗೆ 300 ಪಿಕ್ಸೆಲ್ ಬೇಕು, ಅಂದರೆ 4 ಇಂಚಿಗೆ 1200. ಪ್ರೆಸ್‌ನವರಿಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸಬೇಡಿ, ಸುಮ್ನೆ ಕುಗ್ಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಲೇಯರ್ ಇರುವ ಫೈಲ್ ಬೇರೆ ಉಳಿಸಿಕೊಳ್ಳಿ, ಮುಂದಿನ ವರ್ಷ ಮಿಡಿಯ ರೇಟು ಏರಿದಾಗ ಬೆಲೆಯ ಸಾಲು ಮಾತ್ರ ಬದಲಿಸಿದರಾಯಿತು.