ನೆಟ್‌ನಲ್ಲಿ ಪಾಠ: ಕ್ಯಾಮೆರಾ ಆಮೇಲೆ, ಮೊದಲು ದನಿ

ಆನ್‌ಲೈನ್ ಪಾಠ ಶುರು ಮಾಡುವ ಮೇಷ್ಟ್ರುಗಳು ಮೊದಲು ಕ್ಯಾಮೆರಾ ಹುಡುಕುತ್ತಾರೆ. ಚಿತ್ರ ಮಸುಕಾದರೂ ಮಕ್ಕಳು ಕೂತು ಕೇಳುತ್ತಾರೆ. ಮಾತು ಕೇಳಿಸದಿದ್ದರೆ ಕೂರುವುದಿಲ್ಲ.

ಹಾಗಾಗಿ ಮೊದಲ ಖರ್ಚು ಕಾಲರ್ ಮೈಕ್‌ಗೆ ಇರಲಿ. ಇಲ್ಲದಿದ್ದರೆ ಮೈಕ್ ಇರುವ ವೈರ್ ಇಯರ್‌ಫೋನ್ ಸಾಕು. ಕಿಟಕಿಗೆ ಮುಖ ಮಾಡಿ ಕೂರಿ, ಫ್ಯಾನ್ ಆಫ್ ಮಾಡಿ. ಒಮ್ಮೆ ನನ್ನ ಇಡೀ ಪಾಠದಲ್ಲಿ ಫ್ಯಾನಿನ ಗರಗರ ಸದ್ದು ವಾಕ್ಯಗಳ ಕೊನೆಯನ್ನೇ ನುಂಗಿತ್ತು. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ ಅಲ್ವಾ? 'ಆಗುತ್ತದೆ' ಅಂದೆನೋ 'ಆಗುವುದಿಲ್ಲ' ಅಂದೆನೋ, ನನಗೇ ತಿಳಿಯಲಿಲ್ಲ. ಅಂದಿನಿಂದ ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿಯೇ ಮುಂದುವರಿಯುತ್ತೇನೆ.

ಯೂಟ್ಯೂಬ್ ಚಾನೆಲ್ ತೆರೆದು ಫೋನ್ ನಂಬರ್ ವೆರಿಫೈ ಮಾಡಿ. ಮೊದಲ ಸಲ ಲೈವ್ ಆನ್ ಆಗಲು 24 ಗಂಟೆವರೆಗೂ ಹಿಡಿಯಬಹುದು, ಎರಡು ದಿನ ಮೊದಲೇ ಮುಗಿಸಿ. ವಿಡಿಯೊವನ್ನು 'ಅನ್‌ಲಿಸ್ಟೆಡ್' ಎಂದಿಟ್ಟರೆ ಲಿಂಕ್ ಇದ್ದವರಷ್ಟೇ ನೋಡುತ್ತಾರೆ.

ಕಂಪ್ಯೂಟರ್‌ಗೆ ಒಬಿಎಸ್ ಸ್ಟುಡಿಯೊ ಹಾಕಿಕೊಳ್ಳಿ, ಯೂಟ್ಯೂಬ್‌ಗೆ ಲೈವ್ ಕಳಿಸುವ ಉಚಿತ ಸಾಫ್ಟ್‌ವೇರ್. ಸ್ಲೈಡ್, ನಿಮ್ಮ ಮುಖ ಎರಡನ್ನೂ ಒಂದೇ ಪರದೆಯಲ್ಲಿ ತೋರಿಸುತ್ತದೆ. ಲೈವ್ ಹೋಗುತ್ತಿರುವಾಗಲೇ ರೆಕಾರ್ಡಿಂಗ್ ಕೂಡ ಮಾಡುತ್ತದೆ. ರೆಕಾರ್ಡಿಂಗ್ ಫಾರ್ಮ್ಯಾಟ್ ಎಂಕೆವಿ ಇರಲಿ. ಮಧ್ಯೆ ಕರೆಂಟ್ ಹೋದರೂ ಅಲ್ಲಿಯವರೆಗಿನ ಪಾಠ ಉಳಿಯುತ್ತದೆ. ಮಾಮೂಲಿ ಎಂಪಿ4 ಆದರೆ ಫೈಲ್ ತೆರೆಯದೇ ಹೋಗಬಹುದು. ಆಮೇಲೆ ಒಬಿಎಸ್‌ನಲ್ಲೇ 'ರೀಮಕ್ಸ್' ಒತ್ತಿದರೆ ಎಂಕೆವಿಯಿಂದ ಎಂಪಿ4 ಸಿಗುತ್ತದೆ.

ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಹೋಗುವ ಡೇಟಾ, 2500 ಕೆಬಿಪಿಎಸ್ ಇಟ್ಟರೆ 720ಪಿ ಚಿತ್ರ ಚೆನ್ನಾಗಿ ಹೋಗುತ್ತದೆ. ಗಂಟೆಗೆ 1.1 ಜಿಬಿಗಿಂತ ಜಾಸ್ತಿ ಡೇಟಾ ಬೇಕು. ಸ್ಪೀಡ್ ಟೆಸ್ಟ್‌ನಲ್ಲಿ ಡೌನ್‌ಲೋಡ್ ನೋಡಿ ಖುಷಿಪಡಬೇಡಿ, ನಮಗೆ ಬೇಕಾದ್ದು ಅಪ್‌ಲೋಡ್. ಅದು 5 ಎಂಬಿಪಿಎಸ್, ಅಂದರೆ ಬಿಟ್‌ರೇಟ್‌ನ ಎರಡರಷ್ಟು, ಇದ್ದರೆ ನೆಮ್ಮದಿ.

ಇನ್ನು ಮಕ್ಕಳ ಕಡೆ. ಒಂದೇ ಫೋನು, ದಿನಕ್ಕೆ 1.5 ಜಿಬಿ ಪ್ಯಾಕ್, ಮನೆಯಲ್ಲಿ ಇಬ್ಬರು ಓದುವವರು. ಅಪ್ಪ ಸಂಜೆ ಬಂದ ಮೇಲೆಯೇ ಫೋನ್ ಕೈಗೆ ಸಿಗುವ ಹುಡುಗಿಗೆ ಬೆಳಗಿನ ಲೈವ್ ಎಲ್ಲಿ ದಕ್ಕುತ್ತದೆ? ಅವಳಿಗಾಗಿಯೇ ರೆಕಾರ್ಡಿಂಗ್ ಚೆನ್ನಾಗಿರಬೇಕು. ನಾನು ಪಾಠವನ್ನು 10-15 ನಿಮಿಷದ ತುಂಡುಗಳಾಗಿ ಮೊದಲೇ ಕಳಿಸಿ, ಲೈವ್ ಹೊತ್ತನ್ನು ಪ್ರಶ್ನೆಗಳಿಗೇ ಬಿಡುತ್ತೇನೆ. ಬರೀ ಆಡಿಯೊವನ್ನೂ ವಾಟ್ಸಾಪ್‌ನಲ್ಲಿ ಹಾಕಿ. 64 ಕೆಬಿಪಿಎಸ್‌ನಲ್ಲಿ ಒಂದು ಗಂಟೆಯ ಪಾಠ ಸುಮಾರು 29 ಎಂಬಿ ಅಷ್ಟೇ.

ಯೂಟ್ಯೂಬ್‌ನಲ್ಲಿ ಪಾಠದ ವಿಡಿಯೊ ಕೆಳಗಿನ ವಿವರಣೆಯಲ್ಲಿ ಸಮಯ ಬರೆಯಿರಿ: 00:00 ಹಿಂದಿನ ಪಾಠ, 04:10 ಪೈಥಾಗೊರಸ್ ಪ್ರಮೇಯ, 11:30 ಲೆಕ್ಕಗಳು. ಪರೀಕ್ಷೆಯ ಹಿಂದಿನ ರಾತ್ರಿ ಆ ಹುಡುಗಿ ನೇರವಾಗಿ 11:30ನ್ನೇ ಒತ್ತುತ್ತಾಳೆ.