ಮೂಲಗೇಣಿ, ಚಾಲಗೇಣಿ ಮತ್ತು ನನ್ನ ಎರಡು ಲಕ್ಷದ ಬಾಂಡ್

2022ರ ಜನವರಿಯಲ್ಲಿ ಅಟ್ಟದಲ್ಲಿದ್ದ ಹಳೆ ಚಾಲಿ ಅಡಿಕೆ ಕೊಟ್ಟೆ. ಒಳ್ಳೆ ರೇಟು ಸಿಕ್ಕಿತು. ಸಾಲ, ಕೂಲಿ ಎಲ್ಲ ಕಳೆದು ಎರಡು ಲಕ್ಷ ಉಳಿಯಿತು. ಕಾಸರಗೋಡಿನ ನಮ್ಮ ಬದಿಯಡ್ಕ ಕಡೆ ಇಂಥ ದುಡ್ಡಿಗೆ ದಾರಿ ಮೂರೇ. ಸಹಕಾರಿ ಬ್ಯಾಂಕಿನ ಠೇವಣಿ, ಟ್ರೆಜರಿಯ ಠೇವಣಿ, ಇಲ್ಲಾಂದ್ರೆ ಚಿನ್ನ. ನಾನು ನಾಲ್ಕನೆಯದಕ್ಕೆ ಕೈ ಹಾಕಿದೆ. ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ರಿಟೇಲ್ ಡೈರೆಕ್ಟ್ ಅಂತ ಶುರು ಮಾಡಿತ್ತು. ನಮ್ಮಂಥವರೂ ಮನೆಯಲ್ಲೇ ಕೂತು ಸರ್ಕಾರಕ್ಕೆ ಸಾಲ ಕೊಡಬಹುದು, ಹತ್ತು ಸಾವಿರದಿಂದ ಸಾಕು ಅಂತ ಮಗ ಹೇಳಿದ್ದ.

ಖಾತೆ ತೆರೆಯಲು ಎರಡು ವಾರ ಹಿಡಿಯಿತು. ತಪ್ಪು ನನ್ನ ಹೆಸರಿನದ್ದು. ಪ್ಯಾನ್ ಕಾರ್ಡಿನಲ್ಲಿ ಹೆಸರು ಪೂರ್ತಿ ಇದೆ. ಪಾಸ್‌ಬುಕ್ಕಿನಲ್ಲಿ ಕೇರಳದ ಕ್ರಮದಂತೆ ಇನಿಶಿಯಲ್ ಹೆಸರಿನ ಹಿಂದೆ ಹೋಗಿ ಕೂತಿದೆ. ಆಧಾರಿನಲ್ಲಿ ‘ಭಟ್’ಗೆ ಒಂದು ಅಕ್ಷರ ಜಾಸ್ತಿ. ಗಡಿಯವರಿಗೆ ಇದೇನು ಹೊಸದಲ್ಲ ಬಿಡಿ. ಬ್ಯಾಂಕಿಗೆ ಮೂರು ಸಲ ಅಲೆದ ಮೇಲೆ ಸರಿಯಾಯಿತು.

ಕೇಂದ್ರ ಸರ್ಕಾರ ಸಾಮಾನ್ಯವಾಗಿ ಶುಕ್ರವಾರ ದೊಡ್ಡ ಸಾಲಪತ್ರಗಳ, ಅಂದರೆ ಬಾಂಡುಗಳ, ಹರಾಜು ಮಾಡುತ್ತದೆ. ಬ್ಯಾಂಕು, ವಿಮಾ ಕಂಪನಿಗಳು ದರ ಕೂಗುತ್ತವೆ. ನಮ್ಮಂಥ ಸಣ್ಣವರು ದರ ಕೂಗಬೇಕಿಲ್ಲ, ಇಷ್ಟು ದುಡ್ಡಿನದ್ದು ಬೇಕು ಅಂತ ಬರೆದರೆ ಆಯಿತು. ಆ ತಿಂಗಳು ಬಂದದ್ದು 2032ಕ್ಕೆ ಮುಗಿಯುವ ಹತ್ತು ವರ್ಷದ ಪತ್ರ, ವರ್ಷದ ಬಡ್ಡಿ ಶೇಕಡಾ 6.54. ಎರಡು ಲಕ್ಷಕ್ಕೆ ಆರು ತಿಂಗಳಿಗೊಮ್ಮೆ 6,540 ರೂಪಾಯಿ. ಸರ್ಕಾರದ ಪತ್ರ, ಮುಳುಗುವ ಭಯ ಇಲ್ಲ ಅಂತ ಆರಾಮಾಗಿ ಕೂತೆ.

ಮೇ 4ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ಶಕ್ತಿಕಾಂತ ದಾಸ್ ಇದ್ದಕ್ಕಿದ್ದಂತೆ ಟಿವಿಗೆ ಬಂದು ರೆಪೋ ದರವನ್ನು, ಅಂದರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, 4ರಿಂದ 4.40ಕ್ಕೆ ಏರಿಸಿದರು. ಉಕ್ರೇನ್ ಯುದ್ಧದಿಂದ ಎಣ್ಣೆಗೆಲ್ಲ ಬೆಂಕಿ ಬಿದ್ದಿತ್ತು. ಆ ಏಪ್ರಿಲಿನ ಬೆಲೆಯೇರಿಕೆ 7.79 ಶೇಕಡಾ. ಜೂನಿನಲ್ಲಿ ರೆಪೋ 4.90 ಆಯಿತು. ನನಗೇನು, ನನ್ನ ಬಡ್ಡಿ ಬರೆದಿಟ್ಟದ್ದಲ್ವಾ ಅಂದುಕೊಂಡೆ.

ಅದೇ ಜೂನಿನಲ್ಲಿ ದುಡ್ಡು ಬೇಕಾಯಿತು. ತೋಟಕ್ಕೆ ಮದ್ದು ಬಿಡುವ ಸಮಯ. ಮೈಲುತುತ್ತು, ಆಳಿನ ಸಂಬಳ, ಮೇಲಿಂದ ಪಂಪು ಸುಟ್ಟುಹೋಗಿತ್ತು. ಐವತ್ತು ಸಾವಿರದ ಪತ್ರ ಮಾರೋಣ ಅಂತ ಫೋನ್ ತೆರೆದರೆ, ನೂರು ರೂಪಾಯಿಯ ಪತ್ರಕ್ಕೆ 93 ಚಿಲ್ಲರೆ! ಅಷ್ಟಕ್ಕೂ ಕೊಳ್ಳುವವರು ಸುಲಭಕ್ಕೆ ಸಿಗಲಿಲ್ಲ. ನನ್ನ ಸಣ್ಣ ಗಂಟಿಗೆ ಎರಡು ದಿನ ಗಿರಾಕಿಯೇ ಇಲ್ಲ. ಕೊನೆಗೆ 46,600 ರೂಪಾಯಿ ಬಂತು, ಅಲ್ಲಿಯವರೆಗಿನ ಬಡ್ಡಿ ಬೇರೆ. ಸಹಕಾರಿ ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಅಂತ ಹೆಂಡತಿ ಲೆಕ್ಕ ಹಾಕಿ ತೋರಿಸಿದಳು.

ಯಾರೂ ಮೋಸ ಮಾಡಿರಲಿಲ್ಲ. ಹಾಗಿದ್ದರೂ ಮೂರು ಸಾವಿರ ಎಲ್ಲಿ ಹೋಯಿತು? ಅದು ತಲೆಗೆ ಹೋದದ್ದು ಅಜ್ಜನ ಹಳೆ ಕಾಗದಗಳನ್ನು ನೆನಸಿಕೊಂಡಾಗ. ಕಾಸರಗೋಡು ದಕ್ಷಿಣ ಕನ್ನಡದಲ್ಲಿದ್ದ ಕಾಲದ ಕಾಗದಗಳು ಅವು. ಆಗ ಗದ್ದೆಗೆ ಎರಡು ಥರದ ಗೇಣಿ ಇತ್ತು. ಮೂಲಗೇಣಿ ಅಂದರೆ ಇಷ್ಟು ಮುಡಿ ಅಕ್ಕಿ ಅಂತ ಒಮ್ಮೆ ಬರೆದರೆ ಮೊಮ್ಮಕ್ಕಳ ಕಾಲಕ್ಕೂ ಅಷ್ಟೇ. ಚಾಲಗೇಣಿ ಹಾಗಲ್ಲ, ಒಡೆಯ ಬೇಕೆಂದಾಗ ಏರಿಸಬಹುದು. ನನ್ನ ಬಾಂಡ್ ಅಪ್ಪಟ ಮೂಲಗೇಣಿ. ಪಕ್ಕದ ಗದ್ದೆ ಎಂಟು ಮುಡಿಗೆ ಹೋಗುವಾಗ ಆರು ಮುಡಿಯ ಮೂಲಗೇಣಿ ಹಕ್ಕನ್ನು ಯಾರು ಪೂರ್ತಿ ಬೆಲೆಗೆ ಕೊಳ್ಳುತ್ತಾರೆ? ಬೆಲೆ ಇಳಿಸಿದರೆ ಮಾತ್ರ ಲೆಕ್ಕ ಸಮ ಆಗುತ್ತದೆ. ಮುಂಬೈಯಲ್ಲಿ ಬಡ್ಡಿ ಏರಿದರೆ ಬದಿಯಡ್ಕದಲ್ಲಿ ನನ್ನ ಪತ್ರದ ಬೆಲೆ ಇಳಿಯುವುದು ಹೀಗೆ. ಅವಧಿ ಉದ್ದ ಇದ್ದಷ್ಟೂ ಪೆಟ್ಟು ಜಾಸ್ತಿ. ಆರು ತಿಂಗಳಲ್ಲಿ ಬೇಕಾಗುವ ದುಡ್ಡಿಗೆ 182 ದಿನದ ಟ್ರೆಜರಿ ಬಿಲ್ ಅನ್ನುವ ಸರ್ಕಾರದ ಸಣ್ಣ ಅವಧಿಯ ಪತ್ರ ಇತ್ತು. ಅದನ್ನು ಬಿಟ್ಟು ಹತ್ತು ವರ್ಷದ್ದಕ್ಕೆ ಹೋದದ್ದು ನನ್ನ ದಡ್ಡತನ.

ಚಾಲಗೇಣಿಯಂಥ ಬಾಂಡ್ ಕೂಡ ಇದೆ ಅಂತ ಆಮೇಲೆ ಗೊತ್ತಾಯಿತು. ಕೇಂದ್ರ ಸರ್ಕಾರ ರಿಸರ್ವ್ ಬ್ಯಾಂಕಿನ ಮೂಲಕ ಕೊಡುವ ಫ್ಲೋಟಿಂಗ್ ರೇಟ್ ಸೇವಿಂಗ್ಸ್ ಬಾಂಡ್. ಅಂಚೆ ಕಚೇರಿಯ ಎನ್‌ಎಸ್‌ಸಿ (ರಾಷ್ಟ್ರೀಯ ಉಳಿತಾಯ ಪತ್ರ) ಬಡ್ಡಿಗಿಂತ 0.35 ಜಾಸ್ತಿ, ಆರು ತಿಂಗಳಿಗೊಮ್ಮೆ ದರ ಬದಲು. 2020ರಲ್ಲಿ 7.15 ಇದ್ದದ್ದು 2023ರ ಜುಲೈಗೆ 8.05 ಆಯಿತು. ಆದರೆ ಏಳು ವರ್ಷ ಅಲ್ಲಾಡುವ ಹಾಗಿಲ್ಲ, ಮಾರುವ ಹಾಗೂ ಇಲ್ಲ. ವಯಸ್ಸಾದವರಿಗೆ ಮಾತ್ರ ಸ್ವಲ್ಪ ರಿಯಾಯಿತಿ. ಹೆಂಡತಿಯ ಹೆಸರಿನಲ್ಲಿ ಒಂದು ಲಕ್ಷ ಅದಕ್ಕೆ ಹಾಕಿದೆವು.

ಪೆಟ್ಟು ತಿಂದ ಮೇಲೆ ಪೇಪರ್ ಓದುವ ಕ್ರಮವೂ ಬದಲಾಯಿತು. ಓಣಂ ಹತ್ತಿರ ಬಂದರೆ ಮಲಯಾಳಂ ಪೇಪರಿನಲ್ಲಿ ‘ಕಡಪ್ಪತ್ರಂ’ ಅನ್ನುವ ಸುದ್ದಿ ಇರುತ್ತದೆ, ಅಂದರೆ ಸಾಲಪತ್ರ. ಕೇರಳ ಇಷ್ಟು ಸಾವಿರ ಕೋಟಿ ಎತ್ತುತ್ತದೆ, ಮಂಗಳವಾರ ರಿಸರ್ವ್ ಬ್ಯಾಂಕಿನ ಇ-ಕುಬೇರ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಹರಾಜು ಅಂತ. ಮೊದಲು ಸುಮ್ನೆ ಪುಟ ತಿರುಗಿಸುತ್ತಿದ್ದೆ. ಈಗ ದರ ನೋಡುತ್ತೇನೆ. ರಾಜ್ಯದ ಪತ್ರಕ್ಕೆ ಕೇಂದ್ರದ್ದಕ್ಕಿಂತ ಬಡ್ಡಿ ತುಸು ಜಾಸ್ತಿ, ಅದನ್ನೂ ನಾವು ಕೊಳ್ಳಬಹುದು. ಅಲ್ಲೇ ಜಗಳವೂ ಇದೆ. ರಸ್ತೆ, ಸೇತುವೆಗಳಿಗೆ ದುಡ್ಡು ಹೊಂದಿಸುವ ಕೇರಳ ಸರ್ಕಾರದ ಸಂಸ್ಥೆ ಕಿಫ್ಬಿ 2019ರಲ್ಲಿ ಲಂಡನ್ನಿನಲ್ಲಿ ಮಸಾಲಾ ಬಾಂಡ್, ಅಂದರೆ ಹೊರದೇಶದಲ್ಲಿ ರೂಪಾಯಿ ಲೆಕ್ಕದಲ್ಲಿ ಎತ್ತುವ ಸಾಲದ ಬಾಂಡ್, ಮಾರಿ 9.723 ಬಡ್ಡಿಗೆ 2,150 ಕೋಟಿ ತಂದಿತ್ತು. ನಮ್ಮ ನಂದಾರಪದವಿನಿಂದ ಹೊರಡುವ ಮಲೆನಾಡು ಹೆದ್ದಾರಿಗೂ ಕಿಫ್ಬಿಯದ್ದೇ ದುಡ್ಡು. ಈ ಸಾಲವನ್ನೂ ರಾಜ್ಯದ ಲೆಕ್ಕಕ್ಕೆ ಹಿಡಿಯುತ್ತೇವೆ ಅಂತ ಕೇಂದ್ರ ಹೇಳಿತು. ಸಾಲದ ಮಿತಿಯ ವಿಷಯಕ್ಕೆ 2023ರ ಡಿಸೆಂಬರಿನಲ್ಲಿ ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. ಯಾರು ಸರಿಯೋ ನಾನು ತೀರ್ಪು ಕೊಡುವುದಿಲ್ಲ. ರಸ್ತೆ ಮಾತ್ರ ಚೆನ್ನಾಗಿದೆ.

ನನಗೆ ಬಾಂಡ್ ಬೇಡ, ಬ್ಯಾಂಕೇ ಸಾಕು ಅನ್ನುವ ನೆರೆಯವರಿಗೆ ಒಂದು ಮಾತು ಹೇಳುತ್ತೇನೆ. ಬ್ಯಾಂಕುಗಳು ಠೇವಣಿಯ ನೂರಕ್ಕೆ 18ರಷ್ಟನ್ನು ನಗದು, ಚಿನ್ನ ಇಲ್ಲವೇ ಸರ್ಕಾರಿ ಪತ್ರದಲ್ಲಿ ಇಡಲೇಬೇಕು. ಹೆಚ್ಚಾಗಿ ಇಡುವುದು ಪತ್ರವನ್ನೇ. ನಿಮ್ಮ ದುಡ್ಡೂ ಅಲ್ಲಿಗೇ ಹೋಗುತ್ತದೆ, ನೀವು ನೋಡುವುದಿಲ್ಲ ಅಷ್ಟೇ.

ಉಳಿದ ಒಂದೂವರೆ ಲಕ್ಷದ ಪತ್ರ ಮಾರಲಿಲ್ಲ. 2025ರಲ್ಲಿ ರೆಪೋ 6.50ರಿಂದ ಇಳಿಯುತ್ತಾ ಜೂನಿಗೆ 5.50ಕ್ಕೆ ಬಂತು. ಇದೇ ಪತ್ರದ ಬೆಲೆ ನೂರು ದಾಟಿತು. ಮಾರಿದರೆ ಲಾಭ, ಆದರೆ ಆ ದುಡ್ಡನ್ನು ಮತ್ತೆ 6.54ಕ್ಕೆ ಎಲ್ಲಿ ಹಾಕಲಿ? ಜನವರಿ 17, ಜುಲೈ 17ರ ಲೆಕ್ಕಕ್ಕೆ 4,905 ರೂಪಾಯಿ ಬರುತ್ತಾ ಇದೆ. ಟಿಡಿಎಸ್ ಅಂತ ಮೊದಲೇ ತೆರಿಗೆ ಹಿಡಿಯುವುದಿಲ್ಲ, ಹಾಗಾಗಿ ಮೊದಲ ವರ್ಷ ರಿಟರ್ನ್ಸಿನಲ್ಲಿ ತೋರಿಸಲು ಮರೆತು ಆಡಿಟರ್ ಹತ್ತಿರ ಬೈಸಿಕೊಂಡೆ.

ಮೊನ್ನೆ ನಾಮಿನಿ ಹಾಕಿದೆ. ಹೆಂಡತಿಯ ಹೆಸರನ್ನು ಆಧಾರ್ ಕಾರ್ಡ್ ಪಕ್ಕ ಇಟ್ಟುಕೊಂಡು ಒಂದೊಂದೇ ಅಕ್ಷರ ನೋಡಿ ಬರೆದೆ. ಅವಳು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದಳು.