ಗಡುವು ದಾಟುವ ಮುನ್ನ: ಪದವಿ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ನಿಯಮ, ದಿನಾಂಕಗಳನ್ನು ನಿಭಾಯಿಸುವ ಬಗೆ

ಇಬ್ಬರು ವಿದ್ಯಾರ್ಥಿಗಳು ಒಂದೇ ಕೋರ್ಸನ್ನು ಬಿಡಲು ನಿರ್ಧರಿಸುತ್ತಾರೆ ಎಂದುಕೊಳ್ಳೋಣ. ಒಬ್ಬರು ಎರಡನೇ ವಾರದಲ್ಲೇ ಅರ್ಜಿ ಕೊಟ್ಟರು; ಅವರ ಅಂಕಪಟ್ಟಿಯಲ್ಲಿ ಆ ಕೋರ್ಸಿನ ಸುಳಿವೂ ಉಳಿಯಲಿಲ್ಲ. ಇನ್ನೊಬ್ಬರು ಹನ್ನೆರಡನೇ ವಾರದಲ್ಲಿ ಹೋದರು. ಅರ್ಜಿಯನ್ನು ಕಚೇರಿ ಸ್ವೀಕರಿಸಲಿಲ್ಲ, ಸೆಮಿಸ್ಟರ್ ಮುಗಿದಾಗ ಅನುತ್ತೀರ್ಣ ಎಂಬ ದಾಖಲೆ ಅವರ ಹೆಸರಿನ ಮುಂದೆ ನಿಂತಿತು. ಇಬ್ಬರ ಕಾರಣವೂ ಒಂದೇ ಆಗಿದ್ದಿರಬಹುದು, ಬುದ್ಧಿಶಕ್ತಿಯಲ್ಲಿ ಇಬ್ಬರೂ ಸಮನಾಗಿದ್ದಿರಬಹುದು. ಆದರೆ ಗಡುವಿನೊಳಗೆ ಹೋದವರು ನಿಯಮವೇ ಕೊಟ್ಟ ಹಕ್ಕನ್ನು ಬಳಸಿಕೊಂಡರು, ಗಡುವು ಮೀರಿ ಹೋದವರು ವಿನಾಯಿತಿಗಾಗಿ ಕೈಯೊಡ್ಡಬೇಕಾಯಿತು. ಪದವಿಯ ವರ್ಷಗಳಲ್ಲಿ ಎದುರಾಗುವ ಹೆಚ್ಚಿನ ಶೈಕ್ಷಣಿಕ ತೊಡಕುಗಳು ಈ ಬಗೆಯವೇ ಆಗಿರುವುದರಿಂದ, ನಿಯಮಗಳನ್ನು ಯಾವ ಕ್ರಮದಲ್ಲಿ ಓದಿಕೊಳ್ಳಬೇಕು, ಯಾವ ದಿನಾಂಕದ ಹಿಂದೆ ಯಾವ ಪರಿಣಾಮ ಅಡಗಿದೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹಂತ: ಮೂರು ದಾಖಲೆಗಳನ್ನು ಒಟ್ಟುಮಾಡಿ

ಶೈಕ್ಷಣಿಕ ವೇಳಾಪಟ್ಟಿ, ನಿಮ್ಮ ಪದವಿಯ ನಿಯಮಾವಳಿ ಮತ್ತು ಪ್ರತಿ ಕೋರ್ಸಿನ ಪಠ್ಯಯೋಜನೆ, ಈ ಮೂರೂ ನಿಮ್ಮ ಬಳಿ ಇರಲೇಬೇಕು. ವೇಳಾಪಟ್ಟಿಯು ಇಡೀ ವಿಶ್ವವಿದ್ಯಾಲಯಕ್ಕೆ ಅನ್ವಯಿಸುವ ದಿನಾಂಕಗಳನ್ನು ಹೇಳುತ್ತದೆ. ಆ ದಿನಾಂಕ ತಪ್ಪಿದರೆ ಏನಾಗುತ್ತದೆ ಎಂಬುದು ನಿಯಮಾವಳಿಯಲ್ಲಿರುತ್ತದೆ. ಅಸೈನ್‌ಮೆಂಟ್, ಕಿರುಪರೀಕ್ಷೆ, ಆಂತರಿಕ ಅಂಕಗಳ ಹಂಚಿಕೆ ಮುಂತಾದವು ಪಠ್ಯಯೋಜನೆಯಲ್ಲಿ ಸಿಗುತ್ತವೆ. ಒಂದನ್ನು ಮಾತ್ರ ಓದಿ ಸುಮ್ಮನಾಗುವವರೇ ಹೆಚ್ಚು. ಆದರೆ ದಿನಾಂಕ ಒಂದು ಕಡೆ, ಅದರ ಪರಿಣಾಮ ಇನ್ನೊಂದು ಕಡೆ ಬರೆದಿರುವಾಗ ಎರಡನ್ನೂ ಜೋಡಿಸಿ ಓದದೆ ಗತ್ಯಂತರವಿಲ್ಲ.

ನಿಯಮಾವಳಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಸಾಮಾನ್ಯವಾಗಿ ವಿದ್ಯಾರ್ಥಿಯು ಪ್ರವೇಶ ಪಡೆದ ವರ್ಷದಲ್ಲಿ ಜಾರಿಯಲ್ಲಿದ್ದ ನಿಯಮಗಳೇ ಆತನ ಪದವಿಗೆ ಅನ್ವಯವಾಗುತ್ತವೆ. ಹೀಗಾಗಿ ಹಿಂದಿನ ಬ್ಯಾಚಿನವರು ಹೇಳಿದ ಮಾತು ಅವರ ಮಟ್ಟಿಗೆ ಪೂರ್ತಿ ನಿಜವಾಗಿದ್ದು, ನಿಮ್ಮ ಮಟ್ಟಿಗೆ ಪೂರ್ತಿ ತಪ್ಪಾಗಿರಲು ಸಾಧ್ಯವಿದೆ. ನಡುವೆ ಬಿಟ್ಟುಹೋಗಿ ಮತ್ತೆ ಸೇರಿದವರಿಗೆ ಹೊಸ ನಿಯಮ ಅನ್ವಯಿಸಬಹುದು. ಅಂಥವರು ಇದನ್ನು ಮರುಪ್ರವೇಶದ ದಿನವೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು.

ಎರಡನೇ ಹಂತ: ದಿನಾಂಕದ ಪಕ್ಕದಲ್ಲಿ ಪರಿಣಾಮವನ್ನೂ ಬರೆದುಕೊಳ್ಳಿ

ಬರೀ ದಿನಾಂಕವನ್ನು ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮಾತ್ರ ಆದಂತೆ. ಪ್ರತಿ ಗಡುವಿನ ಎದುರು ಅದು ಮುಗಿಯುವ ಗಂಟೆ, ಯಾರ ಸಹಿ ಬೇಕು, ಶುಲ್ಕವಿದೆಯೇ, ದಂಡ ಕಟ್ಟಿ ತಡವಾಗಿ ಸಲ್ಲಿಸಲು ಅವಕಾಶವಿದೆಯೇ, ಅದೂ ಮೀರಿದರೆ ಏನಾಗುತ್ತದೆ ಎಂಬುದನ್ನು ಬರೆದುಕೊಳ್ಳಿ. ಗಂಟೆಯ ವಿಷಯ ಸಣ್ಣದೆಂದು ತೋರಿದರೂ ಎಡವುವುದು ಅಲ್ಲಿಯೇ. ಆನ್‌ಲೈನ್ ಅರ್ಜಿಗಳು ಮಧ್ಯರಾತ್ರಿಯವರೆಗೆ ತೆರೆದಿರಬಹುದು, ಸಹಿ ಬೇಕಾದ ಅರ್ಜಿಗಳ ಗಡುವು ಮಾತ್ರ ಕಚೇರಿಯ ಬಾಗಿಲು ಮುಚ್ಚುವ ಹೊತ್ತಿಗೇ ಮುಗಿಯುತ್ತದೆ. ವಿಭಾಗದ ಮುಖ್ಯಸ್ಥರು ರಜೆಯಲ್ಲಿದ್ದರೆ ಅವರ ಸಹಿಗಾಗಿ ಗಡುವು ಮುಂದಕ್ಕೆ ಹೋಗುವುದಿಲ್ಲ. ಆದ್ದರಿಂದ ಸಹಿ ಬೇಕಾದ ಯಾವುದೇ ಅರ್ಜಿಗೆ ಒಂದು ವಾರ ಮುಂಚಿನ ದಿನವನ್ನೇ ನಿಮ್ಮ ಗಡುವೆಂದು ಇಟ್ಟುಕೊಳ್ಳುವುದು ಒಳ್ಳೆಯದು.

ಮೂರನೇ ಹಂತ: ನೋಂದಣಿಗೆ ಮೊದಲು ಕ್ರೆಡಿಟ್ ಲೆಕ್ಕ ಹಾಕಿ

ಕ್ರೆಡಿಟ್ ಎಂಬುದು ಓದಿಗೆ ಬೇಕಾದ ದುಡಿಮೆಯ ಅಳತೆ. ಯುರೋಪಿನ ಕ್ರೆಡಿಟ್ ವರ್ಗಾವಣೆ ಪದ್ಧತಿಯಲ್ಲಿ ಪೂರ್ಣಾವಧಿಯ ಒಂದು ವರ್ಷಕ್ಕೆ 60 ಕ್ರೆಡಿಟ್‌ಗಳಿದ್ದು, ಒಂದು ಕ್ರೆಡಿಟ್‌ಗೆ ಸಾಮಾನ್ಯವಾಗಿ 25ರಿಂದ 30 ಗಂಟೆಗಳ ಕೆಲಸವನ್ನು ಲೆಕ್ಕಹಾಕಲಾಗುತ್ತದೆ. ಅಮೆರಿಕದ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಕಾಲ ವಾರಕ್ಕೆ ಒಂದು ಗಂಟೆಯ ತರಗತಿ ಮತ್ತು ಅದರ ಹೊರಗೆ ಕನಿಷ್ಠ ಎರಡು ಗಂಟೆಯ ಸ್ವಂತ ಓದು. ಆ ಲೆಕ್ಕದಲ್ಲಿ 15 ಕ್ರೆಡಿಟ್ ತೆಗೆದುಕೊಂಡವರು ವಾರಕ್ಕೆ 45 ಗಂಟೆ ದುಡಿಯಬೇಕು. ಜೊತೆಗೆ ಕೆಲಸಕ್ಕೂ ಹೋಗುವ ವಿದ್ಯಾರ್ಥಿ ಈ ಸಂಖ್ಯೆಯನ್ನು ನೋಡಿದ ಮೇಲೆಯೇ ಕೋರ್ಸುಗಳನ್ನು ಆರಿಸಿಕೊಳ್ಳಬೇಕು.

ಹಾಗೆಂದು ತೀರಾ ಕಡಿಮೆ ತೆಗೆದುಕೊಂಡರೂ ತೊಂದರೆಯೇ. ಪೂರ್ಣಾವಧಿ ವಿದ್ಯಾರ್ಥಿ ಎನಿಸಿಕೊಳ್ಳಲು ಸೆಮಿಸ್ಟರ್‌ಗೆ 12 ಕ್ರೆಡಿಟ್ ಸಾಕು, ಪದವಿಗೆ ಒಟ್ಟು 120 ಬೇಕು ಎಂಬ ನಿಯಮವಿರುವ ಕಡೆ, ಪ್ರತಿ ಸಲ 12ನ್ನೇ ತೆಗೆದುಕೊಂಡವರಿಗೆ ಎಂಟು ಸೆಮಿಸ್ಟರ್ ಮುಗಿದಾಗ ಆಗುವುದು 96 ಮಾತ್ರ. ಉಳಿದ 24 ಕ್ರೆಡಿಟ್‌ಗಳಿಗಾಗಿ ಇನ್ನೂ ಎರಡು ಸೆಮಿಸ್ಟರ್ ಓದಬೇಕಾಗುತ್ತದೆ. ಕನಿಷ್ಠ ಮಿತಿಯನ್ನು ಪಾಲಿಸಿದರೆ ಪದವಿ ಸಕಾಲಕ್ಕೆ ಮುಗಿಯುತ್ತದೆ ಎಂಬ ಭರವಸೆಯನ್ನು ನಿಯಮ ಎಲ್ಲಿಯೂ ಕೊಟ್ಟಿರುವುದಿಲ್ಲ.

ಮುಂದಿನ ಕೋರ್ಸಿಗೆ ಹಿಂದಿನ ಯಾವ ಕೋರ್ಸು ಮುಗಿದಿರಬೇಕು ಎಂಬುದನ್ನೂ ಇದೇ ಹಂತದಲ್ಲಿ ನೋಡಿಕೊಳ್ಳಿ. ವರ್ಷಕ್ಕೆ ಒಮ್ಮೆ ಮಾತ್ರ ನಡೆಯುವ ಕೋರ್ಸು ತಪ್ಪಿದರೆ ಅದನ್ನು ಅವಲಂಬಿಸಿದ ಎಲ್ಲವೂ ಒಂದು ವರ್ಷ ಹಿಂದೆ ಬೀಳುತ್ತವೆ. ನೋಂದಣಿಯ ನಂತರ ಶುಲ್ಕ ಪಾವತಿಯಾಗಿದೆಯೇ, ಕೋರ್ಸುಗಳ ಪಟ್ಟಿಯಲ್ಲಿ ನಿಮ್ಮ ಆಯ್ಕೆಗಳೇ ಇವೆಯೇ ಎಂದು ಖಚಿತಪಡಿಸಿಕೊಂಡು, ಆ ಪುಟದ ಪ್ರತಿಯನ್ನು ಉಳಿಸಿಡಿ.

ನಾಲ್ಕನೇ ಹಂತ: ಕೋರ್ಸು ಬಿಡುವುದಿದ್ದರೆ ಎರಡು ಗಡುವುಗಳ ಅಂತರ ತಿಳಿದಿರಲಿ

ಇಡೀ ನಿಯಮಾವಳಿಯಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚು ನಷ್ಟ ತರುವ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ; ಆದ್ದರಿಂದ ಇದನ್ನು ತುಸು ವಿವರವಾಗಿ ಹೇಳುತ್ತೇನೆ. ಕೋರ್ಸು ಬದಲಿಸುವ ಅವಕಾಶ ಸಾಮಾನ್ಯವಾಗಿ ಸೆಮಿಸ್ಟರ್‌ನ ಮೊದಲ ಒಂದೆರಡು ವಾರ ಇರುತ್ತದೆ. ಆ ಅವಧಿಯಲ್ಲಿ ಕೈಬಿಟ್ಟ ಕೋರ್ಸು ದಾಖಲೆಯಲ್ಲಿ ಕಾಣುವುದಿಲ್ಲ, ಶುಲ್ಕವೂ ಪೂರ್ತಿಯಾಗಿ ಅಥವಾ ಬಹುಪಾಲು ಮರಳುತ್ತದೆ. ಅದರ ನಂತರ ಬರುವುದು ಹಿಂದೆ ಸರಿಯುವ ಅವಧಿ. ಆಗ ಕೋರ್ಸನ್ನು ಬಿಟ್ಟರೆ ಅಂಕಪಟ್ಟಿಯಲ್ಲಿ ಹಿಂದೆ ಸರಿದ ಗುರುತು ಉಳಿಯುತ್ತದೆ, ಶುಲ್ಕ ಕಡಿಮೆ ಮರಳುತ್ತದೆ ಅಥವಾ ಮರಳುವುದೇ ಇಲ್ಲ, ಆದರೆ ಗ್ರೇಡ್ ಸರಾಸರಿಗೆ ಪೆಟ್ಟು ಬೀಳುವುದಿಲ್ಲ. ಈ ಎರಡನೇ ಗಡುವೂ ಮುಗಿದ ಮೇಲೆ ಉಳಿಯುವುದು ಪಡೆದ ಗ್ರೇಡ್ ಮಾತ್ರ.

ವ್ಯತ್ಯಾಸ ಎಷ್ಟೆಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ತಲಾ ಮೂರು ಕ್ರೆಡಿಟ್‌ನ ಐದು ಕೋರ್ಸು ತೆಗೆದುಕೊಂಡ ವಿದ್ಯಾರ್ಥಿಗೆ, 4 ಅಂಶಗಳ ಮಾಪನದಲ್ಲಿ, ನಾಲ್ಕು ಕೋರ್ಸುಗಳಲ್ಲಿ ತಲಾ 3 ಅಂಶ ಬಂದಿದೆ, ಐದನೆಯದರಲ್ಲಿ ಅನುತ್ತೀರ್ಣ ಎಂದಿಟ್ಟುಕೊಳ್ಳಿ. ಪ್ರತಿ ಕೋರ್ಸಿನ ಅಂಶವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ ಕೂಡಿದಾಗ (ಅನುತ್ತೀರ್ಣಕ್ಕೆ ಸೊನ್ನೆ) ಬರುವ ಒಟ್ಟು 36 ಅಂಶಗಳನ್ನು 15 ಕ್ರೆಡಿಟ್‌ಗಳಿಂದ ಭಾಗಿಸಿದರೆ ಸರಾಸರಿ 2.4. ಅದೇ ವಿದ್ಯಾರ್ಥಿ ಐದನೆಯ ಕೋರ್ಸಿನಿಂದ ಸಕಾಲಕ್ಕೆ ಹಿಂದೆ ಸರಿದಿದ್ದರೆ ಭಾಜಕ 12 ಆಗಿ ಸರಾಸರಿ 3.0 ಉಳಿಯುತ್ತಿತ್ತು. ಕಳೆದುಕೊಂಡ ಈ 0.6 ಅನ್ನು ಮರಳಿ ಪಡೆಯಬೇಕಾದರೆ ಮುಂದಿನ ಸೆಮಿಸ್ಟರ್‌ನ 15 ಕ್ರೆಡಿಟ್‌ಗಳಲ್ಲಿ 3.6ರ ಸರಾಸರಿ ಬೇಕು. ಒಂದು ಅರ್ಜಿಯನ್ನು ಬರೆಯದೆ ಬಿಟ್ಟಿದ್ದಕ್ಕೆ ಅರ್ಧ ವರ್ಷ ಬೆವರು ಸುರಿಸಬೇಕಾಗುತ್ತದೆ.

ಇಲ್ಲಿ ತಪ್ಪು ತಿಳಿವಳಿಕೆಯೊಂದನ್ನು ಒತ್ತಿ ಹೇಳಲೇಬೇಕು. ತರಗತಿಗೆ ಹೋಗುವುದನ್ನು ನಿಲ್ಲಿಸಿದ ಮಾತ್ರಕ್ಕೆ ಕೋರ್ಸು ಬಿಟ್ಟಂತಾಗುವುದಿಲ್ಲ. ಅಧ್ಯಾಪಕರಿಗೆ ಬಾಯಿಮಾತಿನಲ್ಲಿ ಹೇಳಿದರೂ ಆಗುವುದಿಲ್ಲ. ನಿಗದಿತ ಅರ್ಜಿ ಸಲ್ಲಿಕೆಯಾಗಿ, ಅದು ಅಂಗೀಕಾರವಾದ ಉತ್ತರ ನಿಮ್ಮ ಕೈಸೇರುವವರೆಗೆ ನೀವು ಆ ಕೋರ್ಸಿನ ವಿದ್ಯಾರ್ಥಿಯೇ. ಬಿಡುವುದಕ್ಕೆ ಮುನ್ನ, ಉಳಿದ ಕ್ರೆಡಿಟ್‌ಗಳು ಪೂರ್ಣಾವಧಿಯ ಮಿತಿಗಿಂತ ಕೆಳಗೆ ಇಳಿಯುತ್ತವೆಯೇ ಎಂಬುದನ್ನೂ ನೋಡಬೇಕು. ವಿದ್ಯಾರ್ಥಿವೇತನ, ವಸತಿನಿಲಯ, ಹೊರದೇಶದಿಂದ ಬಂದವರಾದರೆ ವಿದ್ಯಾರ್ಥಿ ವೀಸಾ, ಇವುಗಳಿಗೆ ಪೂರ್ಣಾವಧಿ ಓದು ಷರತ್ತಾಗಿರುವುದುಂಟು.

ಐದನೇ ಹಂತ: ಹಾಜರಾತಿ ಮತ್ತು ಅನಾರೋಗ್ಯ

ಹಾಜರಾತಿಯನ್ನು ಉಳಿದಿರುವ ತರಗತಿಗಳ ಲೆಕ್ಕದಲ್ಲಿ ನೋಡುವುದನ್ನು ರೂಢಿಸಿಕೊಳ್ಳಿ. ಕನಿಷ್ಠ ಶೇ 75 ಹಾಜರಾತಿ ಬೇಕೆಂಬ ನಿಯಮವಿದ್ದು, ಒಟ್ಟು 60 ತರಗತಿಗಳಿದ್ದರೆ ತಪ್ಪಿಸಬಹುದಾದದ್ದು 15 ಮಾತ್ರ. ನಲವತ್ತು ತರಗತಿಗಳು ಮುಗಿಯುವಷ್ಟರಲ್ಲಿ 12ಕ್ಕೆ ಗೈರಾದವರ ಹಾಜರಾತಿ ಶೇ 70 ಎಂದು ಕಾಣುತ್ತದೆ, ಇನ್ನೂ ಸಮಯವಿದೆ ಎನಿಸುತ್ತದೆ; ಆದರೆ ಉಳಿದ 20ರಲ್ಲಿ ಅವರು ತಪ್ಪಿಸಬಹುದಾದದ್ದು ಮೂರೇ ಮೂರು. ಸೆಮಿಸ್ಟರ್‌ನ ಕೊನೆಯಲ್ಲಿ ಜ್ವರ ಬಂದರೆ ಆ ಮೂರು ಒಂದೇ ವಾರದಲ್ಲಿ ಮುಗಿದುಹೋಗುತ್ತವೆ. ವೈದ್ಯಕೀಯ ಪ್ರಮಾಣಪತ್ರ ಕೊಟ್ಟರೆ ಎಲ್ಲ ಗೈರುಹಾಜರಿಯೂ ಮನ್ನಾ ಆಗುತ್ತದೆ ಎಂದು ಎಣಿಸಬೇಡಿ. ಎಷ್ಟೋ ಕಡೆ ಅದರ ಆಧಾರದ ಮೇಲೆ ಸಿಗುವ ರಿಯಾಯಿತಿಗೂ ಒಂದು ಮಿತಿಯಿರುತ್ತದೆ.

ಅನಾರೋಗ್ಯ ಅಥವಾ ಮನೆಯ ಸಂಕಟ ಎದುರಾದಾಗ ಮೂರು ಬೇರೆ ಬೇರೆ ಅವಕಾಶಗಳಿರುತ್ತವೆ, ಅವನ್ನು ಒಂದಕ್ಕೊಂದು ಬೆರೆಸಬಾರದು. ಒಂದು ಅಸೈನ್‌ಮೆಂಟ್‌ಗೆ ನಾಲ್ಕಾರು ದಿನ ಬೇಕಾದರೆ ಕಾಲಾವಕಾಶ ಕೋರಿ ಅಧ್ಯಾಪಕರಿಗೆ ಬರೆಯಬೇಕು. ಪರೀಕ್ಷೆಯ ದಿನವೇ ಹಾಜರಾಗಲು ಆಗದಿದ್ದರೆ ಬದಲಿ ಪರೀಕ್ಷೆ ಕೋರಬೇಕು. ಇದಕ್ಕೆ ಪರೀಕ್ಷೆಯ ಬಳಿಕ ಕೆಲವೇ ದಿನಗಳ ಗಡುವಿರುತ್ತದೆ. ಕೋರ್ಸಿನ ಬಹುಪಾಲು ಕೆಲಸವನ್ನು ಮುಗಿಸಿ, ಕೊನೆಯ ಭಾಗ ಮಾತ್ರ ಬಾಕಿ ಉಳಿದಿದ್ದರೆ ಅಪೂರ್ಣ ಎಂಬ ತಾತ್ಕಾಲಿಕ ಗ್ರೇಡ್ ಕೋರಬಹುದು. ಅದಕ್ಕೆ ಅಧ್ಯಾಪಕರ ಒಪ್ಪಿಗೆ ಬೇಕು, ಬಾಕಿ ಕೆಲಸ ಮುಗಿಸುವ ದಿನ ನಿಗದಿಯಾಗಬೇಕು, ಆ ದಿನ ಮೀರಿದರೆ ಅದು ಅನುತ್ತೀರ್ಣವಾಗಿ ಬದಲಾಗುವುದೇ ಹೆಚ್ಚು. ಇಡೀ ಸೆಮಿಸ್ಟರ್ ಕೈತಪ್ಪುವಂತಿದ್ದರೆ ಅಪೂರ್ಣ ಗ್ರೇಡ್‌ಗಳನ್ನು ರಾಶಿ ಹಾಕಿಕೊಳ್ಳುವ ಬದಲು ಅಧ್ಯಯನ ರಜೆ ಕೇಳುವುದು ವಿವೇಕದ ಮಾರ್ಗ. ಹಳೆಯ ಬಾಕಿಯನ್ನು ಹೊಸ ಸೆಮಿಸ್ಟರ್‌ನ ಭಾರದ ಮೇಲೆ ಹೊತ್ತು ಮುಗಿಸುವುದು ಆರೋಗ್ಯವಂತರಿಗೂ ಕಷ್ಟ.

ಮನವಿಪತ್ರ ಚಿಕ್ಕದಾಗಿರಲಿ. ಕೋರ್ಸಿನ ಹೆಸರು, ನೋಂದಣಿ ಸಂಖ್ಯೆ, ಯಾವ ಕೆಲಸಕ್ಕೆ, ಎಂದಿನವರೆಗೆ ಕಾಲಾವಕಾಶ ಬೇಕು ಎಂಬುದು ಮೊದಲ ಎರಡು ವಾಕ್ಯಗಳಲ್ಲೇ ಬರಬೇಕು. ಉದಾಹರಣೆಗೆ: “ಇದೇ 14ರಂದು ಸಲ್ಲಿಸಬೇಕಿದ್ದ ಎರಡನೇ ಅಸೈನ್‌ಮೆಂಟ್‌ಗೆ 19ರವರೆಗೆ ಕಾಲಾವಕಾಶ ನೀಡಬೇಕೆಂದು ಕೋರುತ್ತೇನೆ. ಜ್ವರದ ಕಾರಣ 10ರಿಂದ ವಿಶ್ರಾಂತಿಯಲ್ಲಿದ್ದು, ವೈದ್ಯರ ಪತ್ರವನ್ನು ಲಗತ್ತಿಸಿದ್ದೇನೆ. ಈವರೆಗೆ ಮೊದಲ ಎರಡು ಭಾಗಗಳನ್ನು ಮುಗಿಸಿದ್ದೇನೆ.” ಕಾಯಿಲೆಯ ಪೂರ್ತಿ ವಿವರವನ್ನು ಅಧ್ಯಾಪಕರಿಗೆ ಬಿಚ್ಚಿಡುವ ಅಗತ್ಯವಿಲ್ಲ. ಗಡುವಿಗೆ ಎರಡು ದಿನ ಮೊದಲು ಬಂದ ಇಂಥ ಪತ್ರಕ್ಕೂ ಎರಡು ದಿನ ತಡವಾಗಿ ಬಂದ ಪತ್ರಕ್ಕೂ ಸಿಗುವ ಮನ್ನಣೆ ಒಂದೇ ಅಲ್ಲ.

ಆರನೇ ಹಂತ: ಪರೀಕ್ಷೆ, ಫಲಿತಾಂಶ, ಮೇಲ್ಮನವಿ

ಪರೀಕ್ಷಾ ಅರ್ಜಿ ಮತ್ತು ಶುಲ್ಕದ ಗಡುವು ಪರೀಕ್ಷೆಗಿಂತ ಬಹಳ ಮೊದಲೇ ಮುಗಿಯುತ್ತದೆ. ವೇಳಾಪಟ್ಟಿ ಪ್ರಕಟವಾದ ಕೂಡಲೇ ಎರಡು ಪರೀಕ್ಷೆಗಳು ಒಂದೇ ಹೊತ್ತಿಗೆ ಬಿದ್ದಿವೆಯೇ ಎಂದು ನೋಡಿ, ಬಿದ್ದಿದ್ದರೆ ಪರೀಕ್ಷಾ ವಿಭಾಗಕ್ಕೆ ಅಂದೇ ತಿಳಿಸಿ. ಅಂಗವೈಕಲ್ಯದ ಕಾರಣ ಹೆಚ್ಚುವರಿ ಸಮಯ ಅಥವಾ ಬರಹಗಾರರ ನೆರವು ಬೇಕಾದವರು ಸೆಮಿಸ್ಟರ್‌ನ ಆರಂಭದಲ್ಲೇ ಅರ್ಜಿ ಹಾಕುವುದು ಕ್ಷೇಮ.

ಫಲಿತಾಂಶದ ನಂತರ ಕೇಳಬಹುದಾದವು ಮರುಎಣಿಕೆ, ಮರುಮೌಲ್ಯಮಾಪನ, ಮೇಲ್ಮನವಿ. ಮರುಎಣಿಕೆಯಲ್ಲಿ ಅಂಕಗಳ ಕೂಡಿಕೆಯನ್ನು ಮಾತ್ರ ಪರಿಶೀಲಿಸುತ್ತಾರೆ. ಮರುಮೌಲ್ಯಮಾಪನದಲ್ಲಿ ಉತ್ತರಪತ್ರಿಕೆಯನ್ನು ಮತ್ತೆ ತಿದ್ದುತ್ತಾರೆ. ಇದರಿಂದ ಅಂಕ ಕಡಿಮೆಯಾಗುವ ಸಾಧ್ಯತೆಯಿದೆಯೇ ಎಂಬುದನ್ನು ಅರ್ಜಿಗೆ ಮೊದಲೇ ಓದಿಕೊಳ್ಳಬೇಕು. ಉತ್ತರಪತ್ರಿಕೆಯ ನಕಲು ಪಡೆಯುವ ಅವಕಾಶವಿದ್ದರೆ ಮೊದಲು ಅದನ್ನು ತರಿಸಿ ನೋಡಿ ಮುಂದುವರಿಯುವುದು ಸರಿಯಾದ ಕ್ರಮ. ಮೇಲ್ಮನವಿ ಇವೆರಡಕ್ಕಿಂತ ಬೇರೆ. ಅಂಕ ಕಡಿಮೆಯಾಯಿತು ಎಂಬ ಬೇಸರವನ್ನು ಅದಕ್ಕೆ ಆಧಾರವೆಂದು ಪರಿಗಣಿಸುವುದಿಲ್ಲ. ಪಠ್ಯಯೋಜನೆಯಲ್ಲಿ ಹೇಳಿದ ಹಂಚಿಕೆಯನ್ನು ಬದಲಿಸಲಾಗಿದೆ, ಒಂದೇ ಅಳತೆಯನ್ನು ಎಲ್ಲರಿಗೂ ಬಳಸಿಲ್ಲ, ಸಲ್ಲಿಸಿದ ಕೆಲಸ ಲೆಕ್ಕಕ್ಕೆ ಬಂದಿಲ್ಲ ಎಂಬಂಥ ಲೋಪವನ್ನು ಪುರಾವೆಯೊಡನೆ ತೋರಿಸಬೇಕಾಗುತ್ತದೆ. ಮೊದಲು ಅಧ್ಯಾಪಕರು, ಆಮೇಲೆ ವಿಭಾಗದ ಮುಖ್ಯಸ್ಥರು, ನಂತರ ಸಮಿತಿ ಎಂಬ ಮೆಟ್ಟಿಲುಗಳನ್ನು ಬಿಟ್ಟು ನೇರವಾಗಿ ಮೇಲಕ್ಕೆ ಹೋದ ಅರ್ಜಿಗಳು ಕೆಳಕ್ಕೇ ಮರಳುತ್ತವೆ, ಅಷ್ಟರಲ್ಲಿ ಗಡುವು ಕಳೆದಿರುತ್ತದೆ.

ಕೃತಿಚೌರ್ಯದ ನಿಯಮದ ಬಗ್ಗೆ ಎರಡೇ ಮಾತು. ನಿಮ್ಮದೇ ಹಳೆಯ ಪ್ರಬಂಧವನ್ನು ಮತ್ತೊಂದು ಕೋರ್ಸಿಗೆ ಸಲ್ಲಿಸುವುದು, ಒಬ್ಬರೇ ಮಾಡಬೇಕಾದದ್ದನ್ನು ಗೆಳೆಯರೊಡನೆ ಕೂಡಿ ಬರೆಯುವುದು, ಅನುಮತಿಯಿಲ್ಲದೆ ಕೃತಕ ಬುದ್ಧಿಮತ್ತೆಯಿಂದ ಬರೆಸುವುದು ಇವೂ ಅದರ ವ್ಯಾಪ್ತಿಗೆ ಬರುವುದರಿಂದ, ಏನು ಸಮ್ಮತ ಎಂಬುದನ್ನು ಪ್ರತಿ ಕೋರ್ಸಿಗೂ ಪ್ರತ್ಯೇಕವಾಗಿ ಕೇಳಿ. ಆರೋಪ ಬಂದ ಮೇಲೆ ಕೋರ್ಸು ಬಿಟ್ಟು ಪಾರಾಗುವ ದಾರಿ ಅನೇಕ ಕಡೆ ಮುಚ್ಚಿರುತ್ತದೆ.

ಏಳನೇ ಹಂತ: ಪದವಿ ಪೂರೈಸುವ ಅರ್ಜಿ

ಎಲ್ಲ ಕೋರ್ಸುಗಳೂ ಮುಗಿದರೆ ಪದವಿ ತಾನಾಗಿ ಸಿಗುತ್ತದೆ ಎಂಬುದು ಎಲ್ಲೆಡೆಯೂ ನಿಜವಲ್ಲ. ಅದಕ್ಕೆ ಪ್ರತ್ಯೇಕ ಅರ್ಜಿ ಮತ್ತು ಗಡುವು ಇರುವುದುಂಟು. ಕೊನೆಯ ವರ್ಷಕ್ಕೆ ಕಾಲಿಡುವ ಮೊದಲೇ ಕಡ್ಡಾಯ ಕೋರ್ಸುಗಳು, ಒಟ್ಟು ಕ್ರೆಡಿಟ್, ಬಾಕಿ ಉಳಿದ ಪತ್ರಿಕೆಗಳು, ಪದವಿ ಮುಗಿಸಲು ಇರುವ ಗರಿಷ್ಠ ವರ್ಷಗಳ ಮಿತಿ, ಇವೆಲ್ಲವನ್ನೂ ಸಲಹೆಗಾರರ ಜೊತೆ ಕುಳಿತು ತಾಳೆ ನೋಡಿ. ಬೇರೆ ಕಡೆಯಿಂದ ವರ್ಗಾವಣೆಯಾಗಿ ಬಂದವರು, ಹಿಂದಿನ ಕ್ರೆಡಿಟ್‌ಗಳಲ್ಲಿ ಎಷ್ಟು ಮಾನ್ಯವಾಗಿವೆ ಎಂಬುದನ್ನು ಬರಹದಲ್ಲೇ ಪಡೆದಿರಬೇಕು.

ಗಡುವು ಮೀರಿಯೇ ಹೋದರೆ

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಮ್ಮೊಮ್ಮೆ ದಿನಾಂಕ ತಪ್ಪಿಹೋಗುತ್ತದೆ. ಆಗ ನಾಚಿಕೆಯಿಂದ ಮುದುಡಿ ಕೂರದೆ ಅಂದೇ ಕಚೇರಿಗೆ ಹೋಗಿ, ತಡವಾದ ಅರ್ಜಿಗೆ ಅಥವಾ ವಿನಾಯಿತಿಗೆ ನಮೂನೆ ಇದೆಯೇ ಎಂದು ಕೇಳಿ. ಗಡುವಿನ ದಿನ ನಿಮ್ಮನ್ನು ತಡೆದ ಕಾರಣವೇನು, ಅದು ನಿಮ್ಮ ಕೈಮೀರಿದ್ದು ಹೇಗೆ, ಅದರ ಬಳಿಕ ಎಷ್ಟು ಬೇಗ ಬಂದಿರಿ, ಸಮಿತಿ ಮುಖ್ಯವಾಗಿ ನೋಡುವುದು ಇವನ್ನೇ. ಆಸ್ಪತ್ರೆಯ ಕಾಗದ, ಶುಲ್ಕ ಪಾವತಿಯ ರಸೀದಿ, ಜಾಲತಾಣ ಕೈಕೊಟ್ಟ ಹೊತ್ತಿನ ಪರದೆಯ ಚಿತ್ರ, ಏನಿದೆಯೋ ಅದನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಲಗತ್ತಿಸಿ, ಸ್ವೀಕೃತಿ ಪಡೆಯದೆ ಹಿಂದಿರುಗಬೇಡಿ. ತೀರ್ಮಾನ ಬರುವವರೆಗೆ ಆ ಕೋರ್ಸಿನ ತರಗತಿಗೆ ಹೋಗುತ್ತಿರಿ, ಕಿರುಪರೀಕ್ಷೆಗಳನ್ನು ಬರೆಯುತ್ತಿರಿ. ಮನವಿ ತಿರಸ್ಕೃತವಾದರೆ ಆ ವಾರಗಳಲ್ಲಿ ಗಳಿಸಿದ ಹಾಜರಾತಿ ಮತ್ತು ಅಂಕಗಳೇ ಲೆಕ್ಕಕ್ಕೆ ಬರುತ್ತವೆ.